ಉಳ್ಳಾಗಡ್ಡಿ ಕೊಯ್ಯುವಾಗ ಕೇಳಿದ ಮೂರು ಕ್ಯಾಸೆಟ್

ಈ ಸಲ ದರದ ಮಾತು ಬ್ಯಾಡ, ಹಾಡಿನ ಮಾತು.

ಹೋದ ಹಂಗಾಮಿನಾಗ ನಮ್ಮ ಹೊಲದಾಗ ಉಳ್ಳಾಗಡ್ಡಿ ಕಿತ್ತು ತಪ್ಪಲ ಕೊಯ್ಯೋ ಕೆಲಸ 12 ದಿನ ನಡೀತು. ಕುಂತು ಮಾಡೋ ಕೆಲಸ, ಕೈಗೆ ಕುಡಗೋಲು, ಕಿವಿ ಖಾಲಿ. ನನ್ನ ಹಳೇ ಮೂರು ಕ್ಯಾಸೆಟ್ಟಿನ ಹಾಡು ಮಗ ಮೆಮೊರಿ ಕಾರ್ಡಿಗೆ ಹಾಕಿಕೊಟ್ಟಿದ್ದ. ಒಂದೊಂದನ್ನ 4 ದಿನ ಬಿಡದಂಗ ಹಚ್ಚಿದೆ. ಒಂದ ಸಲ ಕೇಳಿದ್ರ ಎಲ್ಲಾ ಹಾಡೂ ಚಲೋನ. ಹತ್ತು ಸಲ ಕೇಳಿದ ಮ್ಯಾಲ ಯಾವುದು ಉಳಿತೈತಿ ನೋಡಬೇಕು ಅನ್ನೋದು ನನ್ನ ಆಸೆ.

ಮೊದಲನೇದು ‘ಬಂಗಾರದ ಮನುಷ್ಯ’. 1972ರ ಸಿನಿಮಾ, ಜಿ.ಕೆ. ವೆಂಕಟೇಶ್ ಸಂಗೀತ, ರಾಜಕುಮಾರ್ ಪಾತ್ರಕ್ಕ ಪಿ.ಬಿ. ಶ್ರೀನಿವಾಸ್ ದನಿ. ಒಕ್ಕಲುತನದ ಕತಿ, ನಮ್ಮ ವಯಸ್ಸಿನವರಿಗೆ ಮನಿ ಮಾತು ಇದ್ದಂಗ. ಮೊದಲ ದಿನ ಕೂಲಿಗೆ ಬಂದ ಹೆಣ್ಮಕ್ಕಳೆಲ್ಲಾ ದನಿಗೂಡಿಸಿದ್ರು. ಮೂರನೇ ದಿನಕ್ಕ, “ಅಣ್ಣಾರ, ಬ್ಯಾರೆ ಹಚ್ಚರಿ” ಅಂದ್ರು. ಹಾಡು ಕೆಟ್ಟದ್ದಂತಲ್ಲ. ಸಿನಿಮಾದ ಹಾಡು ಕಣ್ಮುಂದ ಸೀನ್ ತರ್ತೈತಿ. ಸೀನ್ ಮುಗೀತು ಅಂದ್ರ ಕಿವಿಗೂ ಸಾಕಾಗ್ತೈತಿ.

ಎರಡನೇದು ಭೀಮಸೇನ ಜೋಶಿಯವರ ದಾಸರ ಪದ. 1922ರಾಗ ಬಾಜೂ ಜಿಲ್ಲಾದ ರೋಣದಾಗ ಹುಟ್ಟಿದವರು, ಕುಂದಗೋಳದಾಗ ಸವಾಯಿ ಗಂಧರ್ವರ ಕಡೆ ಕಲಿತವರು. ಇಲ್ಲಿ ಉಲ್ಟಾ ಆತು. ಮೊದಲ ದಿನ “ನಿದ್ದಿ ಬರ್ತೈತ್ರಿ” ಅಂದವರು, ನಾಲ್ಕನೇ ದಿನ ಮಾತು ಬಿಟ್ಟು ಕೇಳಿದ್ರು. ಒಂದ ಶಬ್ದ ಹಿಡಿದು ಅವರು ಹೊಳ್ಳಿಸಿ ಹೊಳ್ಳಿಸಿ ಹಾಡ್ತಾರ. ಪ್ರತಿ ಸಲ ಕೇಳಿದಾಗೂ ಹಿಂದ ತಪ್ಪಿಸಿಕೊಂಡಿದ್ದ ಒಂದು ತಿರುವು ಸಿಗ್ತೈತಿ. ಆದ್ರ ಅದನ್ನ ನಾವು ಹಾಡಾಕ ಬರೂದಿಲ್ಲ, ಕೇಳಬೇಕು ಅಷ್ಟ.

ಮೂರನೇದು ಸಿ. ಅಶ್ವಥ್ ಅವರು ಹಾಡಿದ ಶರೀಫರ ಪದ. ಗಂಟಲು ಬಿಚ್ಚಿ ಹಾಡ್ತಾರ, ಭಾಷಾ ನಮ್ಮ ಸೀಮಿದು. ಅರ್ಧ ದಿನದಾಗ ಎಲ್ಲಾರ ಬಾಯಾಗ ಬಂತು. ಹೊಳ್ಳಿ ಹೊಳ್ಳಿ ಕೇಳಿದ್ರೂ ಬ್ಯಾಸರಿಲ್ಲ. ಇದಕ್ಕ ಮೊದಲ ನಂಬರ ಕೊಡೋಣು ಅಂತಿದ್ದೆ.

ಆಗ ನಮ್ಮವ್ವನ ವಯಸ್ಸಿನಾಕಿ ಒಬ್ಬಾಕಿ, “ತಮ್ಮಾ, ನಮ್ಮಪ್ಪ ಈ ಪದ ಹಿಂಗ ಹಾಡ್ತಿರಲಿಲ್ಲ” ಅಂದು, ಕುಡಗೋಲು ಕೆಳಗಿಟ್ಟು ಹಾಡಿದ್ಲು. ಪದ ಅದ, ಮಟ್ಟು ಬ್ಯಾರೆ. ಸಾವಕಾಶ, ನಡುವ ಉಸುರು ಹಿಡಿದು ನಿಲ್ಲೋದು. ಆ ಜಾಗಾದಾಗ ಹಿಮ್ಮೇಳದವರು ದನಿ ಎತ್ತತಿದ್ರಂತ. ನಾನು ಮೊಬೈಲಿನ್ಯಾಗ ಹಿಡಿದಿಟ್ಟೆ. ಎಷ್ಟು ಸಲ ಕೇಳೀನೋ ಲೆಕ್ಕಿಲ್ಲ.

ಶರೀಫರು ತೀರಿದ್ದು 1889ರಾಗ. ಅವರ ದನಿ ಯಾವ ಯಂತ್ರದಾಗೂ ಇಲ್ಲ, ಬಾಯಿಂದ ಬಾಯಿಗೆ ಬಂದದ್ದು. ಹಂಗಾಗಿ ಊರಿಗೊಂದು ಮಟ್ಟು. ಕ್ಯಾಸೆಟ್ ಬಂದ ಮ್ಯಾಲ ನಮ್ಮೂರ ಭಜನಿ ಮ್ಯಾಳದವರೂ ಅಶ್ವಥ್ ಅವರ ಮಟ್ಟಿನಾಗ ಹಾಡಾಕ ಹತ್ತಿದ್ರು. ಅಶ್ವಥ್ ಅವರದೇನೂ ತಪ್ಪಿಲ್ಲ, ಶರೀಫರನ್ನ ಬೆಂಗಳೂರಿನ ಮನಿಮನಿಗೆ ಮುಟ್ಟಿಸಿದವರು ಅವರು. ಆದ್ರ ನಮ್ಮ ಹಳೇ ಮಟ್ಟು ಗೊತ್ತಿದ್ದವರು ಈಗ ಮ್ಯಾಳದಾಗ ಇಬ್ಬರ ಉಳದಾರ. ಅವರು ಹೋದ್ರ ಮುಗೀತು. ಕ್ಯಾಸೆಟ್ ಹೊಳ್ಳಿಸಿ ಹಚ್ಚಬಹುದು, ಇದನ್ನ ಎಲ್ಲಿಂದ ತರೋದ್ರಿ?

ಅದಕ್ಕ ಒಂದು ವಿನಂತಿ. ನಿಮ್ಮ ಮನ್ಯಾಗ, ಓಣ್ಯಾಗ ಹಳೇ ಮಟ್ಟು ಬಲ್ಲವರಿದ್ರ ಅವರನ್ನ ಕೇಳಿಕೊಂಡು ಈ ಬ್ಯಾಸಿಗಿಯೊಳಗ ಹಿಡಿದಿಡ್ರಿ. ಫ್ಯಾನು, ಮೋಟಾರು ಬಂದ್ ಮಾಡ್ರಿ. ಮೊಬೈಲು ಬಾಯಿಂದ ಒಂದು ಮೊಳ ದೂರ ಇರಲಿ. ಮೊದಲು ಅವರ ಹೆಸರು, ಊರು, ಯಾರಿಂದ ಕಲಿತ್ರು ಅಂತ ಅವರ ಬಾಯಿಂದನ ಹೇಳಸ್ರಿ. ಒಂದು ಪ್ರತಿ ಇನ್ನೊಬ್ಬರ ಫೋನಿನಾಗೂ ಇರಲಿ.

ಈ ಸೋಮವಾರ ಭಜನಿಗೆ ನಾನು ಮೊಬೈಲ್ ಚಾರ್ಜ್ ಮಾಡಿಕೊಂಡು ಹೊಂಟೀನಿ. ಬಲ್ಲವರು ಬರ್ರಿ.