ಹೆಸರಿಲ್ಲದ ಹನ್ನೊಂದು ಗಿಡಗಳು

ಮಳೆಗಾಲಕ್ಕೆ ಮೊದಲು ಕುಂಡಗಳನ್ನು ಸರಿಸುವಾಗ ಹಳೆಯ ಚೀಟಿಗಳು ಕೈಗೆ ಬಂದವು. ಪ್ಲಾಸ್ಟಿಕ್ ತುಂಡುಗಳ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿದ್ದೆ. ದುಬಲಗುಂಡಿಯ ಎರಡು ಬೇಸಿಗೆ ಅಕ್ಷರಗಳನ್ನೆಲ್ಲ ನುಂಗಿಬಿಟ್ಟಿತ್ತು. ಹನ್ನೊಂದು ಗಿಡ, ಒಂದಕ್ಕೂ ಹೆಸರಿಲ್ಲ.

ಹಾಗೆ ನೋಡಿದರೆ ಈ ಗಿಡಕ್ಕೆ ಹೆಸರಿನ ಬರವೇನೂ ಇಲ್ಲ. ನಾವು ಮನೆಯಲ್ಲಿ ಗುಲ್‌ಚೀನ್ ಎನ್ನುತ್ತೇವೆ, ಪಕ್ಕದ ಮನೆಯವರು ದೇವಕಣಗಿಲೆ ಎನ್ನುತ್ತಾರೆ, ಮರಾಠಿಯವರಿಗೆ ಅದು ಚಾಫಾ. ಹಾಲುಸಂಪಿಗೆ ಎಂದೂ ಕರೆಯುವುದುಂಟು. ಸಂಪಿಗೆಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಕಣಗಿಲೆ ಮಾತ್ರ ಇದರದೇ ಕುಟುಂಬ. ಗುಡಿ, ದರ್ಗಾ, ಕಬರಸ್ತಾನ ಎಲ್ಲೆಡೆ ನಮ್ಮದೇ ಆಗಿ ನಿಂತ ಈ ಮರದ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ಪ್ಲುಮೇರಿಯಾ ಎಂಬ ಶಾಸ್ತ್ರೀಯ ಹೆಸರು ಫ್ರಾನ್ಸಿನ ಸಸ್ಯಶಾಸ್ತ್ರಜ್ಞ ಶಾರ್ಲ್ ಪ್ಲುಮಿಯೇ (1646-1704) ಅವರ ನೆನಪಿಗೆ ಇಟ್ಟದ್ದು.

ಮೊದಲು ಎಲೆ ನೋಡಿ ವಿಂಗಡಿಸಿದೆ. ತುದಿ ಚೂಪಾಗಿದ್ದು ಚಳಿಗಾಲದಲ್ಲಿ ಬೋಳಾಗುವವು ರೂಬ್ರಾ, ಎಂಟು. ತುದಿ ದುಂಡಾಗಿದ್ದವು ಅಬ್ಟ್ಯೂಸಾ, ಎರಡು. ಸೌಟಿನಾಕಾರದ ಎಲೆಯ, ವಾಸನೆಯಿಲ್ಲದ ಹೂವಿನದು ಪುಡಿಕಾ, ಒಂದು. ಇಲ್ಲಿಗೆ ಸುಲಭದ ಕೆಲಸ ಮುಗಿಯಿತು. ಹೂವಿನ ಬಣ್ಣವನ್ನು ನಂಬುವಂತಿಲ್ಲ. ಬಿಸಿಲು ಹೆಚ್ಚು ಕಡಿಮೆಯಾದರೆ ಅದೇ ಗಿಡದ ಹೂವು ಬೇರೆಯಾಗಿ ಕಾಣುತ್ತದೆ. ಮಗಳು ಮೊಬೈಲಿನಲ್ಲಿ ಫೋಟೊ ಹಾಕಿದಳು. ಒಂದೇ ಹೂವಿಗೆ ಮೂರು ಸಲ ಮೂರು ಹೆಸರು ಬಂತು! "ಅಬ್ಬಾ, ಇದರಲ್ಲಿ ಚೆಂದದ್ದೊಂದು ಬರೆದುಬಿಡಿ" ಎಂದು ನಕ್ಕಳು.

ಬರೆಯಬಹುದಿತ್ತು. ಆದರೆ ಟೊಂಗೆ ಕತ್ತರಿಸಿ ನೆಟ್ಟದ್ದು ತಾಯಿಗಿಡವೇ ಆಗಿರುತ್ತದೆ, ಬೀಜದಿಂದ ಬಂದದ್ದು ಹೊಸದೇ ಗಿಡ. ತಪ್ಪು ಹೆಸರು ಬರೆದರೆ ಟೊಂಗೆ ಹೋದ ಮನೆಗಳಿಗೆಲ್ಲ ಆ ಸುಳ್ಳೂ ಹೋಗುತ್ತದೆ. ಕಡುಗೆಂಪು ಎಂಬ ಚೀಟಿ ನಂಬಿ ನಾನೊಮ್ಮೆ ಕೊಂಡ ಗಿಡ ಎರಡು ವರ್ಷ ಕಾಯಿಸಿ ಬಿಳಿ ಹೂ ಬಿಟ್ಟಿತ್ತು.

ನನ್ನ ಚಿಂತೆ ಬೇರೆಯೇ ಇತ್ತು. ತಾಯಿ ತೀರಿಕೊಂಡಾಗ ಹಳೆ ಮನೆಯ ಅಂಗಳದ ಮರದಿಂದ ತಂದೆ ಒಂದು ಟೊಂಗೆ ಕಡಿದು ಕಬರಿನ ತಲೆಯ ಕಡೆ ನೆಟ್ಟಿದ್ದರು. ಹೆಸರಿನ ಕಲ್ಲು ಇರಲಿಲ್ಲ, ಆ ಮರವೇ ಗುರುತು. ಕಬರಸ್ತಾನದ ಗೋಡೆ ಕಟ್ಟುವಾಗ ಅದು ಹೋಯಿತು. ಅದಕ್ಕೂ ಮುಂಚೆ ನಾನು ತಂದಿದ್ದ ಒಂದು ಟೊಂಗೆ ಈ ಎಂಟರಲ್ಲಿದೆ. ಹಳದಿ ನಡುವಿನ ಬಿಳಿ ಹೂವಿನವು ಮೂರಿವೆ. ಯಾವುದು?

ಬಸವಕಲ್ಯಾಣದಲ್ಲಿರುವ ಆಪಾಗೆ ಫೋನ್ ಮಾಡಿದೆ. "ಮೊಗ್ಗಿನ ಹಿಂದೆ ಗುಲಾಬಿ ಗೆರೆ ಇತ್ತಲ್ಲೋ, ಮರೆತೆಯಾ? ಅಮ್ಮಿ ಅದನ್ನೇ ತೋರಿಸುತ್ತಿದ್ದಳು" ಎಂದಳು. ಓಡಿಹೋಗಿ ನೋಡಿದೆ. ಗೆರೆ ಎರಡು ಗಿಡಗಳಲ್ಲಿತ್ತು.

ಈ ಸಲ ತಂಪು ಪಾನೀಯದ ಡಬ್ಬಿಯ ಅಲ್ಯೂಮಿನಿಯಂ ತಗಡು ಕತ್ತರಿಸಿ, ಖಾಲಿ ಪೆನ್ನಿನಿಂದ ಒತ್ತಿ ಬರೆದೆ. ಬಿಸಿಲು ಅಳಿಸಲಾರದು. ಟೊಂಗೆ ದಪ್ಪವಾಗುತ್ತದಲ್ಲ, ತಂತಿ ಸಡಿಲಾಗಿ ಕಟ್ಟಿದೆ. ತಗಡಿನ ಮೇಲೆ ಸಂಖ್ಯೆ ಮಾತ್ರ. ಎಲ್ಲಿಂದ ಬಂತು, ಯಾರು ಕೊಟ್ಟರು ಎಂಬುದೆಲ್ಲ ನೋಟ್‌ಬುಕ್ಕಿನಲ್ಲಿ. ನಾಲ್ಕು ಮತ್ತು ಏಳನೆಯ ಸಂಖ್ಯೆಗಳ ಎದುರು "ಅಮ್ಮಿಯದು ಇದು ಅಥವಾ ಅದು" ಎಂದಿದೆ.

ಮೊನ್ನೆ ಆಪಾ ಬಂದಿದ್ದಳು. ಎರಡರಿಂದಲೂ ಒಂದೊಂದು ಟೊಂಗೆ ಕೇಳಿದಳು. ಹಾಲು ಆರುವವರೆಗೆ ಒಂದು ವಾರ ನೆರಳಲ್ಲಿಡು, ಆಮೇಲೆ ನೆಡು ಎಂದು ಹೇಳಿ ಕಾಗದದಲ್ಲಿ ಸುತ್ತಿಕೊಟ್ಟೆ. ಸಂಖ್ಯೆಗಳನ್ನು ಅವಳೇ ಬರೆದುಕೊಂಡಳು.