ಸೀರೆ ಗಂಟಿನ ಗಾಡಿ

ನಮ್ಮದು ಅಮೀನಗಡದ ಹತ್ತಿರದ ಸೂಳೇಬಾವಿ. ಮನೆಯಲ್ಲಿ ಇಳಕಲ್ ಸೀರೆಯ ಕೈಮಗ್ಗ. ಅಪ್ಪ ಕೊಂಡಿದ್ದ ಯೆಜ್ಡಿ ರೋಡ್‌ಕಿಂಗ್ ನಮಗೆ ಶೋಕಿಯ ಗಾಡಿ ಆಗಿರಲಿಲ್ಲ. ಸೀಟಿನ ಹಿಂದೆ ಅಮೀನಗಡದಲ್ಲಿ ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಕ್ಯಾರಿಯರ್ ಇತ್ತು. ಹೋಗುವಾಗ ಅದರ ಮೇಲೆ ಸೀರೆ ಗಂಟು, ಬರುವಾಗ ನೂಲು, ರೇಷ್ಮೆ. ಹುನಗುಂದ ದಾಟಿ ಇಳಕಲ್ಲಿಗೆ ಹೋಗಿ, ನಾಲ್ಕು ಅಂಗಡಿ ಕೇಳಿ, ರೇಟು ಕುದುರಿದ ಕಡೆ ಕೊಟ್ಟು ಸಂಜೆಗೆ ಮನೆ ಸೇರುತ್ತಿದ್ದೆವು. ಗಾಡಿ ಇದ್ದ ನೇಕಾರನಿಗೆ "ಈ ರೇಟಿಗೆ ಆಗೂದಿಲ್ರಿ" ಎಂದು ಎದ್ದುಬರುವ ಧೈರ್ಯ ಇರುತ್ತದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು. ಮದುವೆಗಳು ನಿಂತವು, ನೇದ ಸೀರೆಗಳು ಮನೆಯಲ್ಲೇ ಉಳಿದವು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸಬೇಕು. ಸೆರಗಿನ ಕೆಂಪು ರೇಷ್ಮೆ ಬರುವುದೇ ನಿಂತಾಗ ಒಡಲಿನ ನೂಲು ಇದ್ದೂ ಇಲ್ಲದಂತೆ. ಸರ್ಕಾರ ಆ ವರ್ಷ ನೇಕಾರ ಸಮ್ಮಾನ್ ಯೋಜನೆಯಡಿ ಕೈಮಗ್ಗದವರಿಗೆ ವರ್ಷಕ್ಕೆ 2,000 ರೂಪಾಯಿ ಎಂದು ಹೇಳಿತು. ನಮ್ಮ ಕಿರಾಣಿ ಬಾಕಿಯೇ ಅದಕ್ಕಿಂತ ಹೆಚ್ಚಿತ್ತು. ಅವ್ವನ ಗುಳಿಗೆ ಬೇರೆ. ಮನೆಯಲ್ಲಿ ಮಾರುವಂಥದ್ದು ಎರಡೇ, ಮಗ್ಗ ಮತ್ತು ಗಾಡಿ.

"ಮಗ್ಗ ಮಾರಿದ್ರ ನಾಳಿಗೆ ಏನ್ ಮಾಡ್ತೀಪಾ? ಗಾಡಿ ಕೊಟ್ಟಬಿಡು" ಎಂದಳು ಅವ್ವ.

ಅಮೀನಗಡದ ಕುರಿ ಸಂತೆಗೆ ಬರುವ ವ್ಯಾಪಾರಿಯೊಬ್ಬರು ತೆಗೆದುಕೊಂಡರು. ಬೇರೆ ದಾರಿ ಇರಲಿಲ್ಲ, ಆದರೂ ಹಳಹಳಿ ಬಿಡಲಿಲ್ಲ. ಬಸ್ಸು ಶುರುವಾದ ಮೇಲೆ ಗಂಟು ಹೊತ್ತು ಇಳಕಲ್ಲಿಗೆ ಹೋದರೆ ದಿನವೆಲ್ಲ ಅದಕ್ಕೇ ಹೋಗುತ್ತಿತ್ತು, ಅಷ್ಟು ಹೊತ್ತು ಮಗ್ಗ ಸುಮ್ಮನೆ ನಿಲ್ಲುತ್ತಿತ್ತು. ಕಡೆಗೆ ಸಾವ್ಕಾರರ ಕಡೆಯಿಂದ ಮುಂಗಡ ತಂದೆ. ನೂಲು ಅವರದು, ಸೀರೆ ಅವರದು, ನನಗೆ ಮಜೂರಿ. ಅಪ್ಪ ಯಾರ ಮಜೂರಿಗೂ ನೇದವರಲ್ಲ. ಅದನ್ನು ನೆನೆದು ಲಾಳಿ ಹಿಡಿದ ಕೈ ಎಷ್ಟೋ ಸಲ ನಿಂತದ್ದುಂಟು. ಸಂತೆಯ ದಿನ ರಸ್ತೆಯಲ್ಲಿ ಆ ಎರಡು ಸೈಲೆನ್ಸರಿನ ಸದ್ದು ಕೇಳಿದರೆ ಅವ್ವ ಒಳಗಿನಿಂದಲೇ "ನಮ್ಮದೇನೋ?" ಎನ್ನುವಳು. ಒಂದು ವರ್ಷದ ಮೇಲೆ ಆ ಸದ್ದೂ ನಿಂತಿತು. ವ್ಯಾಪಾರಿ ಅದನ್ನು ಇನ್ನೊಬ್ಬರಿಗೆ ಕೊಟ್ಟಿದ್ದರು.

ಗಾಡಿ ಮತ್ತೆ ಸಿಕ್ಕಿದ್ದು ಹುನಗುಂದದ ಒಂದು ಗ್ಯಾರೇಜಿನಲ್ಲಿ. ಟ್ಯಾಂಕಿಗೆ ಬೇರೆ ಬಣ್ಣ, ಹ್ಯಾಂಡಲ್ ಬೇರೆ. ಗುರುತು ಸಿಕ್ಕಿದ್ದು ಕ್ಯಾರಿಯರಿನಿಂದ: ಗಂಟಿನ ಹಗ್ಗ ಉಜ್ಜಿ ಉಜ್ಜಿ ಎಡಗಡೆಯ ಸರಳಿನಲ್ಲಿ ಬೆರಳು ಕೂರುವಷ್ಟು ಸವೆತ ಬಿದ್ದಿತ್ತು. ಮನೆಗೆ ಬಂದು ಟ್ರಂಕಿನಲ್ಲಿದ್ದ ಹಳೆಯ ವಿಮೆಯ ಕಾಗದ ಹುಡುಕಿ ಚಾಸಿ ನಂಬರ್ ತಾಳೆ ನೋಡಿದೆ. ನಮ್ಮದೇ.

ಯಾರೋ ಆಯಿಲ್ ಬೆರೆಸದೆ ಬರೀ ಪೆಟ್ರೋಲ್ ಹಾಕಿ ಓಡಿಸಿದ್ದರು. ಟೂ ಸ್ಟ್ರೋಕ್ ಎಂಜಿನ್ನಿಗೆ ಆ ಆಯಿಲ್ಲೇ ಜೀವ, ಪಿಸ್ಟನ್ ಹಿಡಿದುಬಿಟ್ಟಿತ್ತು. ಹಾಗಿದ್ದರೂ ಗಾಡಿಯ ಮಾಲೀಕರು ನಾನು ಮಾರಿದ್ದಕ್ಕಿಂತ ಹೆಚ್ಚೇ ಹೇಳಿದರು. 2022ರ ಜನವರಿಯಲ್ಲಿ ಯೆಜ್ಡಿ ಹೆಸರಿನ ಹೊಸ ಗಾಡಿಗಳು ಬಂದ ಮೇಲೆ ಹಳೆಯದಕ್ಕೂ ಗಿರಾಕಿ ಹುಟ್ಟಿದ್ದರು. ನನ್ನ ಕೈಯಲ್ಲಿ ಅರ್ಧದಷ್ಟೂ ಇರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕೇಳಿಸಿಕೊಂಡು, "ನೀವು ನೇಕಾರ್ರಲ್ಲೇನ್ರಿ? ಉಳಿದದ್ದಕ್ಕ ಮಗಳ ಮದಿವಿ ಜವಳಿ ನೇದು ಕೊಡ್ರಿ" ಎಂದರು. ರಾತ್ರಿಯೆಲ್ಲ ಕೂತು ನೇದೆ. ಹೆಂಡತಿ ಕಂಡಿಕೆ ಸುತ್ತಿದಳು. ತೋಪ ತೆನಿ ಸೆರಗು, ಗೋಮಿ ದಡಿ. ಅಷ್ಟು ಮನಸ್ಸಿಟ್ಟು ನಾನು ಯಾವ ಸೀರೆಯನ್ನೂ ನೇದಿಲ್ಲ.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಮುಚ್ಚಿದ್ದು 1996ರಲ್ಲಿ. ಹಾಗಾಗಿ ಪಿಸ್ಟನ್ನಿಗಾಗಿ ಗ್ಯಾರೇಜಿನ ಮೇಸ್ತ್ರಿ ಎಲ್ಲೆಲ್ಲೋ ಫೋನ್ ಮಾಡಿ ತರಿಸಿದರು. ಸಿಲಿಂಡರ್ ಬೋರಿಂಗ್ ಆಯಿತು. ಆರ್‌ಸಿ ಅವಧಿ ಮುಗಿದಿತ್ತು, ಬಾಗಲಕೋಟೆಯ ಆರ್‌ಟಿಒ ಕಚೇರಿಗೆ ಓಡಾಡಿ ತಪಾಸಣೆ ಮಾಡಿಸಿ ಮತ್ತೆ ನನ್ನ ಹೆಸರಿಗೆ ಬರೆಸಿದೆ. ಯೆಜ್ಡಿಯಲ್ಲಿ ಗೇರ್ ಕಡ್ಡಿಯೇ ಕಿಕ್. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಬೇಕು. ಮಗನಿಗೆ ಅದನ್ನು ತೋರಿಸಿಕೊಟ್ಟೆ. ಅವನೇ ಒದ್ದು ಚಾಲೂ ಮಾಡಿದ. ಅವ್ವ ಹೊರಗೆ ಬಂದು ಕ್ಯಾರಿಯರಿಗೆ ಅರಿಷಿಣ-ಕುಂಕುಮ ಹಚ್ಚಿದಳು.

ಸಾವ್ಕಾರರ ಮುಂಗಡ ಇನ್ನೂ ತೀರಿಲ್ಲ. ಎರಡು ಸೀರೆ ಅವರಿಗೆ, ಮೂರನೆಯದು ನನಗೆ ಎಂದು ಮಾತಾಗಿದೆ. ಆ ಮೂರನೆಯದನ್ನು ನಾನೇ ಇಳಕಲ್ಲಿಗೆ ಒಯ್ಯುತ್ತೇನೆ.