ಮೇಯರ್ ಸಾಹೇಬರ ಹವಾಯಿ ಚಪ್ಪಲಿ

ಫಿಲಿಪ್ಪೀನ್ಸ್‌ನಲ್ಲಿ ಹವಾಯಿ ಚಪ್ಪಲಿಗೆ 'ಚಿನೆಲಾಸ್' ಅಂತಾರೆ. ಅಲ್ಲಿ 'ಚಿನೆಲಾಸ್ ನಾಯಕತ್ವ' ಅನ್ನೋ ಮಾತೂ ಇದೆ. ಆ ಮಾತು ಕೇಳಿದರೆ ಜನರಿಗೆ ನೆನಪಾಗೋದು ಜೆಸ್ಸಿ ರೋಬ್ರೆಡೊ.

ಎಂಜಿನಿಯರಿಂಗ್ ಓದಿ ಕಂಪನಿ ಕೆಲಸದಲ್ಲಿದ್ದ ಹುಡುಗ, 1988ರಲ್ಲಿ 29ನೇ ವಯಸ್ಸಿಗೇ ತನ್ನೂರು ನಾಗಾದ ಮೇಯರ್ ಆದ. ಮನೆತನಗಳೇ ರಾಜಕೀಯ ಆಳುವ ಸೀಮೆ ಅದು. ಕೈಹಿಡಿದು ಕರೆತಂದ ಹತ್ತಿರದ ನೆಂಟರೇ ಆಮೇಲೆ ಎದುರಾಳಿಯಾದರು. ಆದರೂ ಊರಿನವರು ಆರು ಸಲ ಗೆಲ್ಲಿಸಿದರು.

ಬಿರುಗಾಳಿ, ನೆರೆ ಬಂದು ಹೋದ ಮೇಲೆ ಚಡ್ಡಿ, ಚಪ್ಪಲಿಯಲ್ಲೇ ಸಲಿಕೆ ಹಿಡಿದು ಕೆಸರು ತೆಗೆಯೋಕೆ ನಿಲ್ತಿದ್ದರಂತೆ. ಫೋಟೋಗೆ ಅಂತ ಇದನ್ನ ಯಾರಾದರೂ ಮಾಡಿಯಾರು. ನನಗೆ ಹಿಡಿಸಿದ್ದು ಅವರ ಕಾಲದಲ್ಲಿ ನಗರಸಭೆ ಅಚ್ಚು ಹಾಕಿಸಿದ ಒಂದು ಪುಸ್ತಕ. ಯಾವ ಕೆಲಸಕ್ಕೆ ಯಾವ ಕಾಗದ ಬೇಕು, ಯಾರನ್ನ ಕಾಣಬೇಕು, ಎಷ್ಟು ಹೊತ್ತು ಹಿಡಿಯುತ್ತೆ, ಎಲ್ಲ ಅದರಲ್ಲೇ ಇತ್ತು. 'ನಾಳೆ ಬನ್ನಿ' ಅನ್ನೋ ಮಾತಿಗೆ ಅದಕ್ಕಿಂತ ಮದ್ದಿಲ್ಲ! 2000ದಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

2010ರಲ್ಲಿ ದೇಶದ ಸ್ಥಳೀಯಾಡಳಿತ ಖಾತೆ ಸಿಕ್ಕಿತು. ಸಂಸಾರ ನಾಗಾದಲ್ಲೇ ಇತ್ತು. 2012ರ ಆಗಸ್ಟ್ 18ರಂದು ಸೆಬುವಿನಿಂದ ಮನೆಗೆ ಹೊರಟಿದ್ದ ಪುಟ್ಟ ವಿಮಾನ ಮಸ್ಬಾಟೆ ಹತ್ತಿರ ಸಮುದ್ರಕ್ಕೆ ಬಿತ್ತು. ಮೂರು ದಿನದ ಮೇಲೆ ದೇಹ ಸಿಕ್ಕಿತು. ಆಗ ವಯಸ್ಸು 54. ನಾಲ್ಕು ವರ್ಷದ ಮೇಲೆ ಹೆಂಡತಿ ಲೆನಿ ದೇಶದ ಉಪಾಧ್ಯಕ್ಷೆ ಆದರು. ಈಗ ಅವರೂ ನಾಗಾಕ್ಕೇ ವಾಪಸ್ಸು: 2025ರಲ್ಲಿ ಗೆದ್ದು, ಗಂಡ ಕೂತಿದ್ದ ಅದೇ ಮೇಯರ್ ಕುರ್ಚಿಗೆ.